ಔಟಾದ ಮಗು ಆಡುವುದು ಯಾವಾಗ?

ಹಳ್ಳಿಯಾಟಗಳನ್ನು ಹೊಗಳುವ ಬರಹಗಳಿಗೆ ನಮ್ಮಲ್ಲಿ ಬರವಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಚಿಣಿಪಣಿ, ಲಗೋರಿ, ಬುಗುರಿ, ಕುಂಟಾಟಗಳನ್ನು ನೆನೆಯುವವರೆಲ್ಲ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತಾರೆ: ಅಂಗಳದಲ್ಲಿ ಆಡಿ ಬೆಳೆದ ಮಗುವಿನ ಕೈಕಾಲು ತಾನಾಗಿಯೇ ಚುರುಕಾಗುತ್ತದೆ. ಬಹುಪಾಲು ಮಕ್ಕಳ ಮಟ್ಟಿಗೆ ಇದು ನಿಜ. ಆಟ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಆ ಮಗುವಿನ ಮಟ್ಟಿಗೆ ಮಾತ್ರ ಸುಳ್ಳು. ಈ ಆಟಗಳ ಕೀರ್ತಿ ಅರ್ಹತೆ ಮೀರಿ ಬೆಳೆದಿದೆ ಎಂಬುದೇ ನನ್ನ ತಕರಾರು.

ಆ ಮಗು ಎಲ್ಲ ಕಡೆಯೂ ಇದೆ. ಬುದ್ಧಿಗೆ ಕೊರತೆಯಿಲ್ಲ, ಕಣ್ಣು ಕಿವಿ ನೆಟ್ಟಗಿವೆ. ಆದರೆ ಅಂಗಿಯ ಗುಂಡಿ ಹಾಕಲು, ಚೆಂಡು ಹಿಡಿಯಲು, ಪೆನ್ಸಿಲ್ ನಡೆಸಲು ಒದ್ದಾಡುತ್ತದೆ. ವೈದ್ಯರು ಇದನ್ನು ಡಿಸಿಡಿ, ಅಂದರೆ ಚಲನ ಸಮನ್ವಯದ ತೊಂದರೆ ಎನ್ನುತ್ತಾರೆ. 5ರಿಂದ 11 ವರ್ಷದ ನೂರು ಮಕ್ಕಳಲ್ಲಿ ಐದಾರು ಮಂದಿಗೆ ಇದು ಇರುತ್ತದೆಂಬುದು ಒಪ್ಪಿತ ಅಂದಾಜು. ಇದಕ್ಕೇ ಬಳಕೆಯಲ್ಲಿರುವ ಇನ್ನೊಂದು ಹೆಸರು ಡಿಸ್‌ಪ್ರಾಕ್ಸಿಯಾ; 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಗಳ ಸಾಲಿನಲ್ಲಿ ಅದನ್ನೂ ಹೆಸರಿಸಿದೆ. ಅಂಗಳದಲ್ಲಿ ಮಾತ್ರ ಇಂಥ ಹುಡುಗನಿಗೆ ಎಡಬಿಡಂಗಿ ಎಂದೇ ಹೆಸರು.

ಕುಂಟಾಟವನ್ನೇ ಬಿಡಿಸಿ ನೋಡೋಣ. ನೆಲದ ಮೇಲೆ ಗೆರೆ ಕೊರೆದ ಮನೆಗಳು, ಕೈಯಲ್ಲೊಂದು ಹಂಚಿನ ಚೂರು. ಚೂರು ಗೆರೆಗೆ ತಾಗದೆ ಮನೆಯೊಳಗೆ ಬೀಳಬೇಕು. ಆಮೇಲೆ ಒಂಟಿಗಾಲಲ್ಲಿ ಕುಂಟುತ್ತ ಹೋಗಿ ಅದೇ ಕಾಲಿನ ತುದಿಯಿಂದ ಅದನ್ನು ತಳ್ಳಬೇಕು. ಮೈಭಾರ ಹೊತ್ತ ಕಾಲೇ ನೆಗೆಯಬೇಕು, ನೆಗೆಯುವಾಗಲೇ ಒದೆಯಬೇಕು, ಒದ್ದ ಮೇಲೂ ಗೆರೆ ತುಳಿಯದೆ ಇಳಿಯಬೇಕು. ಮೂರು ಕೆಲಸ, ಒಂದೇ ಗಳಿಗೆ. ತೊಂದರೆಯಿರುವ ಐದು ವರ್ಷದ ಹುಡುಗ ಬೀಳದಿರಲೆಂದು ಮೈಯೆಲ್ಲ ಬಿಗಿ ಹಿಡಿಯುತ್ತಾನೆ. ಮುಷ್ಟಿ ಕಟ್ಟಿ ತೋಳು ಮೇಲೆತ್ತುತ್ತಾನೆ. ಬಿಗಿದ ಕಾಲಿಗೆ ಅಳತೆಯ ಒದೆತ ಎಲ್ಲಿಂದ ಬರಬೇಕು? ಚೂರು ಎರಡು ಮನೆ ದಾಟಿ ಹೋಗುತ್ತದೆ, ಹಿಮ್ಮಡಿ ಗೆರೆಯ ಮೇಲೆ ಇಳಿಯುತ್ತದೆ. ಔಟ್.

ಆಟದ ದೋಷವಿರುವುದು ಇಲ್ಲಿಯೇ. ಚೆನ್ನಾಗಿ ಕುಂಟುವ ಹುಡುಗಿ ಮನೆಮೇಲೆ ಮನೆ ಗೆಲ್ಲುತ್ತ ಮತ್ತಷ್ಟು ಕುಂಟುತ್ತಾಳೆ. ಬಾರದವನು ಕಟ್ಟೆಯ ಮೇಲೆ ಕೂತು ನೋಡುತ್ತಾನೆ. ಬಂದವರಿಗೇ ಅಭ್ಯಾಸ ಹಂಚುವ ನಿಯಮವಿದು. ಮೂರು-ನಾಲ್ಕು ವರ್ಷದ ಮಗು ದಿನಕ್ಕೆ 180 ನಿಮಿಷ ಚಟುವಟಿಕೆಯಿಂದಿರಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವ ಆಟವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಕಟ್ಟೆಯ ಮೇಲೆ ಕೂತವನ ಲೆಕ್ಕಕ್ಕೆ ಆ ನಿಮಿಷಗಳು ಸೇರುವುದಿಲ್ಲ. ನಾಲ್ಕು ಸಲ ನಗೆಗೀಡಾದ ಮೇಲೆ ಅವನು ಅಂಗಳಕ್ಕೇ ಬರುವುದಿಲ್ಲ. ಆಡದ್ದಕ್ಕೆ ಮೈ ಇನ್ನಷ್ಟು ಒರಟಾಗುತ್ತದೆ, ಒರಟಾದದ್ದಕ್ಕೆ ಆಟ ಇನ್ನಷ್ಟು ದೂರವಾಗುತ್ತದೆ.

ಈ ಮಾತಿಗೆ ಮೂರು ಬಗೆಯ ವಿರೋಧವಿದೆ. ಮೊಬೈಲ್ ಬಂದು ಮಕ್ಕಳು ಕೆಟ್ಟರು ಎನ್ನುವವರು ಮೊದಲಿಗರು. ಮೊಬೈಲ್ ಆಟದ ಹೊತ್ತನ್ನು ತಿನ್ನುತ್ತದೆ, ಒಪ್ಪಿದೆ. ಆದರೆ ಈ ತೊಂದರೆ ಅವಧಿಗೆ ಮುಂಚೆ, ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚು. ಮೊಬೈಲ್ ಇಲ್ಲದ ಕಾಲದಲ್ಲೂ ವೈದ್ಯರು ಇದನ್ನು ಗುರುತಿಸಿದ್ದರು. ಎರಡನೆಯವರು “ಬೆಳೆದಂಗ ಸರಿಹೋಗ್ತೈತಿ ಬಿಡ್ರಿ” ಎನ್ನುವ ಹಿರಿಯರು. ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಇದು ಹದಿಹರೆಯದವರೆಗೂ ಉಳಿಯುತ್ತದೆ. ಮೂರನೆಯವರ ಜೊತೆ ನನ್ನ ಜಗಳ ದೊಡ್ಡದು. ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಿ ಉಯ್ಯಾಲೆ, ಬ್ರಷ್ಷು, ದೊಡ್ಡ ಚೆಂಡುಗಳ ಥೆರಪಿ ಕೊಡಿಸದೆ ಗತಿಯಿಲ್ಲ ಎಂದು ಇವರು ತಂದೆತಾಯಿಯನ್ನು ಹೆದರಿಸುತ್ತಾರೆ. ಆದರೆ ಡಿಸಿಡಿ ಕುರಿತ ಪರಿಣತರ ಅಂತರರಾಷ್ಟ್ರೀಯ ಶಿಫಾರಸುಗಳು 2012ರಲ್ಲಿ ಬಂದು 2019ರಲ್ಲಿ ಪರಿಷ್ಕೃತವಾದವು. ಮಗುವಿಗೆ ಬೇಕಾದ ಕೆಲಸವನ್ನೇ ಹಂತಹಂತವಾಗಿ ಕಲಿಸುವ ವಿಧಾನದ ಕಡೆಗೇ ಅವು ವಾಲುತ್ತವೆ. ಗುಂಡಿ ಹಾಕಲು ಬರಬೇಕಾದರೆ ಗುಂಡಿಯನ್ನೇ ಹಾಕಿಸಬೇಕು. ಕುಂಟಲು ಬರಬೇಕಾದರೆ ಕುಂಟಿಸಬೇಕು. ತಜ್ಞರ ತಪಾಸಣೆ ಬೇಕು, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ದಿನನಿತ್ಯದ ಅಭ್ಯಾಸ ನಡೆಯಬೇಕಾದದ್ದು ಅಂಗನವಾಡಿಯ ಮುಂದೆ, ಮನೆಯ ಪಡಸಾಲೆಯಲ್ಲಿ.

ಹಾಗಾಗಿ ಆಟವನ್ನು ಬಿಡಬೇಕಿಲ್ಲ, ನಿಯಮವನ್ನು ಮುರಿಯಬೇಕು. ಮನೆಗಳನ್ನು ಅಗಲ ಮಾಡಿ. ಮೊದಲ ವಾರ ಎರಡೂ ಕಾಲಲ್ಲಿ ಜಿಗಿಯಲಿ. ಆಮೇಲೆ ಕೈ ಹಿಡಿದು ಒಂಟಿಗಾಲು. ಚೂರನ್ನು ತಳ್ಳುವುದು ಕೊನೆಗೆ. ಗೆರೆ ತುಳಿದರೆ ಔಟಿಲ್ಲ, ಅದೇ ಮನೆಯಿಂದ ಇನ್ನೊಮ್ಮೆ. ಇದಕ್ಕೆ ಅನುದಾನ ಬೇಡ, ಸಲಕರಣೆ ಬೇಡ. ನೋಡಿ ತಿಳಿಯುವ ಒಬ್ಬ ಟೀಚರ್ ಸಾಕು. ಬಾರದ ಮಗುವಿಗೆ ಅತಿ ಹೆಚ್ಚು ಸರದಿ ಸಿಗುವವರೆಗೆ ನಮ್ಮ ಹಳ್ಳಿಯಾಟಗಳಿಗೆ ಈ ಹೊಗಳಿಕೆ ಸಲ್ಲದು.