ನೆರಳಿಗೆ ಕೋಟು ತೊಡಿಸಿದವರು

‘ದಿ ಥರ್ಡ್ ಮ್ಯಾನ್’ ಹೆಸರೆತ್ತಿದರೆ ಸಾಕು, ಮಾತು ಸೀದಾ ಆರ್ಸನ್ ವೆಲ್ಸ್ ಹತ್ತಿರ ಹೋಗಿ ನಿಲ್ಲುತ್ತದೆ. 1949ರ ಈ ಬ್ರಿಟಿಷ್ ಚಿತ್ರದ ಅವಧಿ 104 ನಿಮಿಷ. ವೆಲ್ಸ್‌ನ ಮುಖ ಮೊದಲ ಸಲ ತೆರೆಯ ಮೇಲೆ ಕಾಣಿಸುವ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತದೆ. ಬಂದ ಮೇಲೂ ಅವನು ಬಾಯಿ ತುಂಬ ಮಾತಾಡುವುದು ಒಂದೇ ದೃಶ್ಯದಲ್ಲಿ. ಆದರೂ ಚಿತ್ರ ಅವನದೇ ಎನ್ನುವವರು ಬೇಕಾದಷ್ಟಿದ್ದಾರೆ. ನಿರ್ದೇಶನವನ್ನೂ ಒಳಗೊಳಗೇ ಅವನೇ ಮಾಡಿದ ಎಂಬ ಗುಸುಗುಸು ದಶಕಗಟ್ಟಲೆ ಓಡಾಡಿತು. ವಾಲಿದ ಕ್ಯಾಮೆರಾ, ಮಾರುದ್ದದ ನೆರಳು ಕಂಡವರಿಗೆ ಅವನದೇ ‘ಸಿಟಿಜನ್ ಕೇನ್’ ನೆನಪಾದರೆ ತಪ್ಪಿಲ್ಲ. ಆದರೆ ಇದು ನಿರ್ದೇಶಕ ಕ್ಯಾರಲ್ ರೀಡ್‌ನ ಚಿತ್ರ ಎಂದು ಸ್ವತಃ ವೆಲ್ಸ್ ಹೇಳಿದ್ದಾನೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಈ ಚಿತ್ರ ಇವತ್ತಿಗೂ ಮಾಸದಿರುವುದಕ್ಕೆ ಕಾರಣ ಟೈಟಲ್ ಕಾರ್ಡಿನ ಕೆಳಸಾಲಿನವರು, ಟೈಟಲ್ ಕಾರ್ಡಿಗೆ ಹತ್ತದೇ ಹೋದ ಕೆಲವರು.

ಕಥೆಯ ಹುಟ್ಟು ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾನ ತಲೆಯಲ್ಲಿ. ಯುದ್ಧ ಮುಗಿದು ವಿಯೆನ್ನಾ ನಗರವನ್ನು ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಾ ಹಂಚಿಕೊಂಡು ಆಳುತ್ತಿದ್ದ ಕಾಲ. ಅಲ್ಲಿಗೆ ಹೋಗಿ ಒಂದು ಕಥೆ ಹುಡುಕಿಕೊಂಡು ಬಾ ಎಂದು ಕೋರ್ಡಾ 1948ರಲ್ಲಿ ಕಾದಂಬರಿಕಾರ ಗ್ರಹಾಂ ಗ್ರೀನ್‌ನನ್ನು ಕಳಿಸಿದ. ನಮ್ಮ ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹಸ್ತಪ್ರತಿಗೆ 1935ರಲ್ಲಿ ಲಂಡನ್ನಿನಲ್ಲಿ ಪ್ರಕಾಶಕರನ್ನು ಹುಡುಕಿಕೊಟ್ಟನಲ್ಲ, ಅದೇ ಗ್ರೀನ್. ಅವನ ಕೈಲಿ ಆಗ ಇದ್ದದ್ದು ಲಕೋಟೆಯೊಂದರ ಹಿಂಬದಿಯಲ್ಲಿ ಗೀಚಿಟ್ಟುಕೊಂಡ ಒಂದು ಎಳೆ ಮಾತ್ರ: ವಾರದ ಹಿಂದೆ ಮಣ್ಣು ಮಾಡಿ ಬಂದ ಗೆಳೆಯ ಲಂಡನ್ನಿನ ಬೀದಿಯಲ್ಲಿ ಎದುರಾಗುತ್ತಾನೆ. ವಿಯೆನ್ನಾದಲ್ಲಿ ಅವನಿಗೆ ಇನ್ನೆರಡು ಸಿಕ್ಕವು. ಒಂದು, ನಗರದ ಕೆಳಗಿನ ಕೊಳಚೆ ಸುರಂಗಗಳು. ಇನ್ನೊಂದು, ಕಾಳಸಂತೆಯ ಪೆನ್ಸಿಲಿನ್. ಪೆನ್ಸಿಲಿನ್‌ಗೆ ಕಲಬೆರಕೆ ಮಾಡಿ ಮಾರುವ ಹ್ಯಾರಿ ಲೈಮ್, ಅವನು ಕರೆದನೆಂದು ಅಮೆರಿಕದಿಂದ ಬಂದು ಅವನ ಶವಸಂಸ್ಕಾರಕ್ಕೆ ಸರಿಯಾಗಿ ತಲುಪುವ ಅಗ್ಗದ ಕಾದಂಬರಿಕಾರ ಗೆಳೆಯ, ಇಬ್ಬರೂ ಹುಟ್ಟಿದ್ದು ಹಾಗೆ. ಗೆಳೆಯನಿಗೆ ಗ್ರೀನ್ ಇಟ್ಟಿದ್ದ ಹೆಸರು ರೋಲೋ. ಆ ಹೆಸರು ನನಗೆ ಬೇಡ ಎಂದು ಆ ಪಾತ್ರ ಮಾಡಿದ ಜೋಸೆಫ್ ಕಾಟನ್ ತಕರಾರು ತೆಗೆದ ಮೇಲೆ ಹಾಲಿ ಮಾರ್ಟಿನ್ಸ್ ಆಯಿತು. ಕಾಟನ್ ಚೆನ್ನಾಗಿ ಮಾಡಿದ್ದಾನೆ, ಬೆಪ್ಪುತಕ್ಕಡಿಯಾಗಿ ಕಾಣುವುದಕ್ಕೆ ಅಂಜದ ನಾಯಕನಟ ಸಿಗುವುದು ಅಪರೂಪ. ಪೊಲೀಸ್ ಮೇಜರ್ ಆಗಿ ಟ್ರೆವರ್ ಹೋವರ್ಡ್ ಸಲೀಸು. ಅವರಿಬ್ಬರ ಬಗ್ಗೆ ಇಷ್ಟು ಸಾಕು.

ಈಗ ಹ್ಯಾರಿಯಾಗಿ ವೆಲ್ಸ್ ಕೊಡುವ ಆ ಪ್ರಸಿದ್ಧ ಎಂಟ್ರಿಗೆ ಬರೋಣ. ರಾತ್ರಿ. ಒದ್ದೆ ಕಲ್ಲು ಹಾಸಿದ ಬೀದಿ. ಕುಡಿದು ತೂರಾಡುತ್ತಿರುವ ಮಾರ್ಟಿನ್ಸ್. ಎದುರು ಮನೆಯ ಬಾಗಿಲ ಸಂದಿಯ ಕತ್ತಲಲ್ಲಿ ಎರಡು ಬೂಟು, ಆ ಬೂಟಿಗೆ ಮೈ ತಿಕ್ಕುವ ಬೆಕ್ಕು. ಈ ಬೆಕ್ಕು ಹ್ಯಾರಿ ಒಬ್ಬನಿಗೇ ಒಗ್ಗುತ್ತಿತ್ತು ಎಂಬ ಮಾತು ಸ್ವಲ್ಪ ಹೊತ್ತಿನ ಹಿಂದಷ್ಟೇ ನಮ್ಮ ಕಿವಿಗೆ ಬಿದ್ದಿರುತ್ತದೆ, ಹಾಗಾಗಿ ಮಾರ್ಟಿನ್ಸ್‌ಗಿಂತ ಮೊದಲೇ ನಮಗೆ ಗೊತ್ತಾಗಿಬಿಡುತ್ತದೆ. ಗಲಾಟೆಗೆ ಎದ್ದ ಯಾರೋ ಮೇಲಿನ ಕಿಟಕಿಯಲ್ಲಿ ದೀಪ ಹಾಕುತ್ತಾರೆ. ಬೆಳಕು ನೇರ ಹ್ಯಾರಿಯ ಮುಖಕ್ಕೆ. ತುಂಟ ಹುಡುಗನ ಹಾಗೆ ಅವನದೊಂದು ಅರೆನಗು. ದೀಪ ಆರಿದ್ದೇ ತಡ, ಆಸಾಮಿ ಮಾಯ. ಆಮೇಲೆ ಉಳಿಯುವುದು ಗೋಡೆಯುದ್ದಕ್ಕೂ ಓಡುವ ಆನೆಗಾತ್ರದ ನೆರಳು, ಕಲ್ಲಿನ ಮೇಲೆ ಬೂಟಿನ ಸದ್ದು.

ಆ ನೆರಳು ವೆಲ್ಸ್‌ನದಲ್ಲ. ವೆಲ್ಸ್ ವಿಯೆನ್ನಾಕ್ಕೆ ಬರುವುದನ್ನು ಮುಂದೂಡುತ್ತಲೇ ಇದ್ದ. ಯೂನಿಟ್ಟು ಕಾಯುತ್ತಿತ್ತು, ಖರ್ಚು ಏರುತ್ತಿತ್ತು. ರೀಡ್ ಕೊನೆಗೆ ತನ್ನ ಸಹಾಯಕ ನಿರ್ದೇಶಕ ಗೈ ಹ್ಯಾಮಿಲ್ಟನ್‌ಗೆ ಮೈ ತುಂಬಿಸಿ, ದೊಡ್ಡ ಕೋಟು ತೊಡಿಸಿ, ಹ್ಯಾಟು ಇಟ್ಟು ದೀಪದ ಮುಂದೆ ಓಡಿಸಿದ. ತೆಳ್ಳಗಿನ ಹುಡುಗ ಗೋಡೆಯ ಮೇಲೆ ಹ್ಯಾರಿ ಲೈಮ್ ಆದ. ಡ್ಯೂಪಿನ ನೆರಳೇ ನಟನಿಗಿಂತ ಹೆಚ್ಚು ಹೆಸರು ಮಾಡಿದ ಉದಾಹರಣೆ ನನಗೆ ತಿಳಿದಂತೆ ಇದೊಂದೇ. ಕೊಳಚೆ ಸುರಂಗದ ಕಥೆಯೂ ಹೀಗೇ. ಆ ನಾತದೊಳಗೆ ಇಳಿಯಲು ವೆಲ್ಸ್ ಹಿಂದೆಗೆದ, ಲಂಡನ್ ಹತ್ತಿರದ ಶೆಪರ್ಟನ್ ಸ್ಟುಡಿಯೋದಲ್ಲಿ ಸುರಂಗದ ಸೆಟ್ ಹಾಕಬೇಕಾಯಿತು. ಕೊನೆಯಲ್ಲಿ ಬೀದಿಯ ಕಬ್ಬಿಣದ ಜಾಲರಿಯಿಂದ ಹೊರಬಂದು ಗಾಳಿಯಲ್ಲಿ ತಡಕಾಡುವ ಬೆರಳುಗಳಿವೆಯಲ್ಲ, ಅವು ರೀಡ್‌ನವು ಎಂಬುದು ಚಿತ್ರತಂಡದವರ ಮಾತು.

ಹಾಗಂತ ವೆಲ್ಸ್‌ಗೆ ಸಲ್ಲಬೇಕಾದ್ದನ್ನು ಕೊಡದೆ ಇರಲಾಗದು. ಪ್ರಾಟರ್ ಮೈದಾನದ ದೈತ್ಯ ರಾಟೆಯ ಕೆಳಗೆ, ಬೋರ್ಜಿಯಾಗಳ ರಕ್ತಪಾತದಿಂದ ಇಟಲಿಗೆ ಮೈಕೆಲೆಂಜೆಲೊ ಸಿಕ್ಕ, ಐನೂರು ವರ್ಷದ ಶಾಂತಿಯಿಂದ ಸ್ವಿಟ್ಜರ್ಲೆಂಡಿಗೆ ಸಿಕ್ಕಿದ್ದು ಕೋಗಿಲೆ ಗಡಿಯಾರ ಎಂದು ಹ್ಯಾರಿ ಹೇಳುತ್ತಾನಲ್ಲ, ಆ ಮಾತು ವೆಲ್ಸ್ ತಾನೇ ಸೇರಿಸಿದ್ದು. ಗ್ರೀನ್ ಕೂಡ ಒಪ್ಪಿಕೊಂಡಿದ್ದಾನೆ. ಅಂದಹಾಗೆ ಕೋಗಿಲೆ ಗಡಿಯಾರದ ತವರು ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್. ಸ್ವಿಸ್ ಜನ ಇದನ್ನು ವೆಲ್ಸ್‌ನ ಗಮನಕ್ಕೆ ತರದೆ ಬಿಡಲಿಲ್ಲ.

ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬೆಳೆದವನು. ಇದೇ ರೀಡ್‌ಗೆ ‘ಆಡ್ ಮ್ಯಾನ್ ಔಟ್’, ಡೇವಿಡ್ ಲೀನ್‌ಗೆ ‘ಬ್ರೀಫ್ ಎನ್‌ಕೌಂಟರ್’ ತೆಗೆದುಕೊಟ್ಟಿದ್ದ. ಈ ಚಿತ್ರ ತಂದ ಒಂದೇ ಆಸ್ಕರ್ ಅವನದು. ಆದರೆ ವಿಯೆನ್ನಾದಲ್ಲಿ ಕೆಲಸ ಮಾಡಿದ್ದು ಒಂದು ಕ್ಯಾಮೆರಾ ತಂಡವಲ್ಲ, ಮೂರು: ರಾತ್ರಿಗೊಂದು, ಹಗಲಿಗೊಂದು, ಸುರಂಗಕ್ಕೊಂದು. ‘ದಿ ಬ್ಲೂ ಏಂಜೆಲ್’ ಚಿತ್ರೀಕರಿಸಿದವರಲ್ಲಿ ಒಬ್ಬನಾದ ಹಾನ್ಸ್ ಶ್ನೀಬರ್ಗರ್ ಕೂಡ ಇಲ್ಲಿ ದುಡಿದಿದ್ದಾನೆ. ಟೈಟಲ್ ಕಾರ್ಡಿನಲ್ಲಿ ಹುಡುಕಬೇಡಿ, ಅವನ ಹೆಸರಿಲ್ಲ. ಮೂರೂ ತಂಡಗಳ ನಡುವೆ ಓಡಾಡುತ್ತ ರೀಡ್ ಬೆಂಜೆಡ್ರಿನ್ ಗುಳಿಗೆ ನುಂಗಿ ನಿದ್ದೆ ದೂರ ಇಟ್ಟ. ಬೀದಿಯ ಕಲ್ಲಿಗೆ ನೀರು ಹಾಯಿಸಿದ್ದು ಬೆಳಕು ಹೊಳೆಯಲಿ ಎಂದು. ಕ್ಯಾಮೆರಾ ವಾಲಿಸಿದ್ದು ಮಾತ್ರ ಕೆಲವೆಡೆ ಅತಿಯಾಯಿತು ಎಂದು ನನಗೂ ಅನ್ನಿಸುತ್ತದೆ. ಚಿತ್ರ ನೋಡಿದ ನಿರ್ದೇಶಕ ವಿಲಿಯಂ ವೈಲರ್ ಗಾರೆ ಕೆಲಸದವರ ರಸಮಟ್ಟವೊಂದನ್ನು ರೀಡ್‌ಗೆ ಉಡುಗೊರೆ ಕಳಿಸಿದನಂತೆ, ಮುಂದಿನ ಸಲ ಕ್ಯಾಮೆರಾದ ಮೇಲಿಟ್ಟುಕೋ ಎಂದು.

ನನಗೆ ಎಲ್ಲರಿಗಿಂತ ಪ್ರಿಯರಾದವರು ಜರ್ಮನ್ ಭಾಷೆಯ ರಂಗಭೂಮಿಯಿಂದ ಬಂದ ಮುದುಕ ಮುದುಕಿಯರು. ಹ್ಯಾರಿ ಸತ್ತಾಗ ಹೆಣ ಎತ್ತಿದವರು ಇಬ್ಬರಲ್ಲ, ಮೂವರು ಎಂದು ಬಾಯಿಬಿಡುವ ಕಟ್ಟಡದ ಕಾವಲುಗಾರನನ್ನು ನೋಡಿ. ಪೌಲ್ ಹೋರ್ಬಿಗರ್ ಆಸ್ಟ್ರಿಯಾದ ಮನೆಮಾತಾಗಿದ್ದ ನಟ, ಯುದ್ಧದ ಕೊನೆಯಲ್ಲಿ ನಾಜಿಗಳ ಸೆರೆಮನೆ ಕಂಡು ಬಂದವನು. ಇಂಗ್ಲಿಷ್ ಬಾರದು. ಸಾಲುಗಳನ್ನು ಬರೀ ಉಚ್ಚಾರಣೆಯಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದ. ಸತ್ತವನು ನರಕದಲ್ಲಿರಬೇಕು ಎನ್ನುತ್ತ ಬೆರಳನ್ನು ಮೇಲಕ್ಕೆ ತೋರಿಸುತ್ತಾನೆ, ಇಲ್ಲವೇ ಸ್ವರ್ಗದಲ್ಲಿ ಎನ್ನುತ್ತ ಕೆಳಕ್ಕೆ. ಪರಭಾಷೆಯಲ್ಲಿ ತಡವರಿಸುವ ಪಾತ್ರವೋ ನಟನೋ ಎಂದು ಬಿಡಿಸಿ ಹೇಳುವುದು ಕಷ್ಟ, ದೃಶ್ಯದ ರುಚಿಯೇ ಅದು. ನಾಯಿಮರಿ ಅಪ್ಪಿಕೊಂಡು ನಗುವ ಬ್ಯಾರನ್ ಕುರ್ಟ್ಸ್ ಆಗಿರುವ ಅರ್ನ್‌ಸ್ಟ್ ಡಾಯ್ಚ್ ಯಹೂದಿ, ಹಿಟ್ಲರ್ ಬಂದಾಗ ದೇಶ ಬಿಟ್ಟು ಅಮೆರಿಕ ಸೇರಿ, ಯುದ್ಧ ಮುಗಿದ ಮೇಲೆ ಮರಳಿದವನು. ಡಾಕ್ಟರ್ ವಿಂಕಲ್ ಆಗಿರುವ ಎರಿಕ್ ಪಾಂಟೋ 1928ರಲ್ಲಿ ಬ್ರೆಕ್ಟ್‌ನ ‘ತ್ರೀ ಪೆನ್ನಿ ಅಪೆರಾ’ ಮೊದಲ ಪ್ರಯೋಗದಲ್ಲಿ ಪೀಚಮ್ ಮಾಡಿದ್ದ.

ಇನ್ನು ಹ್ಯಾರಿಯ ಪ್ರೇಯಸಿ ಅನ್ನಾ ಇರುವ ಮನೆಯ ಒಡತಿ ಅಜ್ಜಿ. ಅನ್ನಾಳ ಕೋಣೆಗೆ ನಾಲ್ಕು ದೇಶದ ಪೊಲೀಸರು ನುಗ್ಗಿದಾಗ ಮೈಗೆಲ್ಲ ರಜಾಯಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಬೈಗುಳದ ಸುರಿಮಳೆಗರೆಯುವವಳು ಹೆಡ್ವಿಗ್ ಬ್ಲೈಬ್‌ಟ್ರಾಯ್, ಬುರ್ಗ್‌ಥಿಯೇಟರಿನ ಹಿರಿಯ ಕಲಾವಿದೆ, ಆಗ ಎಂಬತ್ತರ ಹೊಸ್ತಿಲಲ್ಲಿದ್ದವಳು. ಅಷ್ಟೂ ಜರ್ಮನ್ನಿನಲ್ಲಿ, ಸಬ್‌ಟೈಟಲ್ ಇಲ್ಲದೆ. ಮಾರ್ಟಿನ್ಸ್‌ಗೆ ಅರ್ಥವಾಗದ್ದು ನಮಗೂ ಆಗಬೇಕಿಲ್ಲ ಎಂಬುದು ರೀಡ್‌ನ ಲೆಕ್ಕ. ಆದರೆ ಒಂದು ಕಾಲಕ್ಕೆ ಗಣ್ಯರು ಬಂದು ಹೋಗುತ್ತಿದ್ದ ಮನೆಗೆ ಈಗ ಯಾರು ಯಾರೋ ಬೂಟುಗಾಲಲ್ಲಿ ಬರುತ್ತಿದ್ದಾರೆ ಎಂಬ ಸಂಕಟ ಅವಳ ದನಿಯಲ್ಲೇ ತಿಳಿಯುತ್ತದೆ. ಆಕ್ರಮಿತ ನಗರದ ಬಗ್ಗೆ ಗ್ರೀನ್ ಬರೆದ ಯಾವ ಸಂಭಾಷಣೆಯೂ ಈ ಗೊಣಗಾಟದಷ್ಟು ಹೇಳುವುದಿಲ್ಲ.

ಸಂಗೀತದ ಕಥೆ ಎಲ್ಲರಿಗೂ ಅರ್ಧ ಗೊತ್ತು. ವೈನ್ ಅಂಗಡಿಗಳಲ್ಲಿ ಕಾಸಿಗೆ ಜಿದರ್ ಎಂಬ ತಂತಿವಾದ್ಯ ನುಡಿಸುತ್ತಿದ್ದ ಆಂಟನ್ ಕರಸ್‌ನ ವಾದನ ರೀಡ್ ಕಿವಿಗೆ ಬಿತ್ತು. ವಿಯೆನ್ನಾ ಎಂದರೆ ವಾಲ್ಟ್ಸ್, ವಾಲ್ಟ್ಸ್ ಎಂದರೆ ದೊಡ್ಡ ಆರ್ಕೆಸ್ಟ್ರಾ ಎಂಬ ರೂಢಿಯನ್ನು ಬದಿಗಿಟ್ಟು, ರೀಡ್ ಅವನನ್ನು ಲಂಡನ್ನಿಗೆ ಕರೆಸಿ ತನ್ನ ಮನೆಯಲ್ಲೇ ಇರಿಸಿಕೊಂಡು ಇಡೀ ಹಿನ್ನೆಲೆ ಸಂಗೀತವನ್ನು ಆ ಒಂದೇ ವಾದ್ಯದಲ್ಲಿ ಮಾಡಿಸಿದ. ಟೈಟಲ್ ಓಡುವಾಗ ತೆರೆಯ ತುಂಬ ಜಿದರ್‌ನ ತಂತಿಗಳಷ್ಟೇ, ಬೆರಳೇ ಕಾಣದೆ ತಾವೇ ಮಿಡಿಯುತ್ತವೆ. ಸಾವಿನ ದೃಶ್ಯಕ್ಕೂ ಅದೇ ಉಲ್ಲಾಸದ ಮಟ್ಟು. 1950ರಲ್ಲಿ ಆ ಮಟ್ಟು ಅಮೆರಿಕದಲ್ಲಿ 11 ವಾರ ಮೊದಲ ಸ್ಥಾನದಲ್ಲಿತ್ತು. ಕರಸ್ ಊರಿಗೆ ಮರಳಿ ಚಿತ್ರದ ಹೆಸರಿನದೇ ವೈನ್ ಅಂಗಡಿ ತೆರೆದ.

ಅಮೆರಿಕದ ಪಾಲುದಾರ ಡೇವಿಡ್ ಸೆಲ್ಜ್‌ನಿಕ್ ಈ ಎಲ್ಲದಕ್ಕೂ ಮೂಗು ತೂರಿಸಿದ. ಹ್ಯಾರಿಯ ಪಾತ್ರಕ್ಕೆ ನೋಯೆಲ್ ಕವರ್ಡ್ ಬೇಕೆಂದ, ಅಮೆರಿಕದ ಪ್ರತಿಯಿಂದ 11 ನಿಮಿಷ ಕತ್ತರಿಸಿದ. ಕೊನೆಯ ಶಾಟಿನ ಜಗಳ ಮಾತ್ರ ರೀಡ್ ಮತ್ತು ಗ್ರೀನ್ ನಡುವಿನದು. ಸ್ಮಶಾನದಿಂದ ನಡೆದು ಬರುವ ಅನ್ನಾ ಮಾರ್ಟಿನ್ಸ್‌ನ ತೋಳು ಹಿಡಿಯಲಿ ಎಂದು ಗ್ರೀನ್ ಬರೆದಿದ್ದ. ಆಗತಾನೇ ಪ್ರೇಮಿಯನ್ನು ಮಣ್ಣು ಮಾಡಿದವಳು ಹಾಗೆ ಮಾಡಿದರೆ ಅಸಹ್ಯ ಎಂದ ರೀಡ್, ಅನ್ನಾ ಆಗಿದ್ದ ಅಲಿಡಾ ವಾಲಿಯನ್ನು ದೂರದಿಂದ ನಡೆಸಿ, ತಿರುಗಿಯೂ ನೋಡದೆ ಕ್ಯಾಮೆರಾ ದಾಟಿಸಿಬಿಟ್ಟ. ಗೆದ್ದದ್ದು ರೀಡ್ ಎಂದು ಗ್ರೀನ್ ಅಚ್ಚಿನಲ್ಲೇ ಬರೆದ.

ಮುಂದಿನ ಸಲ ಚಿತ್ರ ನೋಡುವಾಗ ಸಾರ್ಜೆಂಟ್ ಪೇನ್ ಮೇಲೊಂದು ಕಣ್ಣಿಡಿ. ಮಾರ್ಟಿನ್ಸ್‌ನ ಕಾದಂಬರಿಗಳನ್ನು ಅಕ್ಕರೆಯಿಂದ ಓದುವ, ಕೊನೆಗೆ ಸುರಂಗದಲ್ಲಿ ಹ್ಯಾರಿಯ ಗುಂಡಿಗೆ ಬೀಳುವ ಸಂಭಾವಿತ. ನಟ ಬರ್ನಾರ್ಡ್ ಲೀ, ಮುಂದೆ ಬಾಂಡ್ ಚಿತ್ರಗಳ ಮೇಲಧಿಕಾರಿ ‘ಎಂ’. 1964ರ ‘ಗೋಲ್ಡ್‌ಫಿಂಗರ್’ನಲ್ಲಿ ಅವನನ್ನು ನಿರ್ದೇಶಿಸಿದ್ದು ಆ ನೆರಳಿನ ಹುಡುಗ ಗೈ ಹ್ಯಾಮಿಲ್ಟನ್. ಶೆಪರ್ಟನ್ನಿನ ಸಂಕಲನ ಕೋಣೆಯಲ್ಲಿ ಆಗ ಕಿರಿಯ ಸಹಾಯಕನಾಗಿದ್ದ ಜಾನ್ ಗ್ಲೆನ್ 80ರ ದಶಕದಲ್ಲಿ ಐದು ಬಾಂಡ್ ಚಿತ್ರ ಮಾಡಿದ. ಆ ಬಾಂಡ್ ಗಾಳಿ ಕನ್ನಡಕ್ಕೂ ಬೀಸಿ 1968ರಲ್ಲಿ ರಾಜ್‌ಕುಮಾರ್ ‘ಜೇಡರ ಬಲೆ’ಯ ಸಿಐಡಿ 999 ಆದರು. ಅದೂ ಕಪ್ಪುಬಿಳುಪೇ. ಅದರ ಹಿಂದಿನ ಮಂದಿಯ ಕಥೆ ಇನ್ನೊಂದು ವಾರಕ್ಕಿರಲಿ.