ಅಂಟಲೂ ಬೇಕು, ತೊಲಗಲೂ ಬೇಕು

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಇಂದು ಹಲವು ದೇಶಗಳಲ್ಲಿ ಕೊಡುತ್ತಿರುವ ವಿಕಿರಣ ಔಷಧವೊಂದರ ಬೇರು ಹೈಡೆಲ್‌ಬರ್ಗಿನ ಜರ್ಮನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿದೆ. ಅಲ್ಲಿನ ರಸಾಯನಶಾಸ್ತ್ರಜ್ಞೆ ಮಾರ್ಟಿನಾ ಬೆನೆಶೊವಾ ತಮ್ಮ ಸಂಗಡಿಗರಾದ ಮಥಿಯಾಸ್ ಈಡರ್, ಕ್ಲೌಸ್ ಕೋಪ್ಕಾ ಮೊದಲಾದವರೊಂದಿಗೆ ರೂಪಿಸಿದ ಪಿಎಸ್‌ಎಂಎ-617 ಎಂಬ ಅಣುವಿನ ಪ್ರಬಂಧ 2015ರಲ್ಲಿ ಹೊರಬಂತು. ಅದಕ್ಕೆ ಲುಟೇಷಿಯಂ-177 ಸೇರಿಸಿದ ಔಷಧವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರ ಮಾರ್ಚಿನಲ್ಲಿ ಒಪ್ಪಿತು. ಈ ಔಷಧದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದು ಗುರಿ ಹಿಡಿದು ಹೊಡೆಯುವ ಗುಣವನ್ನು ಹೊಗಳುತ್ತಾರೆ. ಹೊಗಳಿಕೆಯಲ್ಲಿ ತಪ್ಪಿಲ್ಲ, ಆದರೆ ಆ ಗುರಿ ಹೈಡೆಲ್‌ಬರ್ಗ್ ತಂಡಕ್ಕೂ ಮೊದಲೇ ಗೊತ್ತಿತ್ತು. ಕ್ಯಾನ್ಸರ್ ಕೋಶಕ್ಕೆ ಬಿಗಿಯಾಗಿ ಅಂಟುವ ಅಣುವೇ ಬೇಡದ ಅಂಗಗಳಿಂದ ಬೇಗ ತೊಲಗಲೂ ಬೇಕು. ಈ ಎರಡು ಗುಣಗಳನ್ನು ಅಣುವಿನ ನಡುವಿನ ಒಂದು ಚಿಕ್ಕ ಕೊಂಡಿಯಿಂದ ಒಟ್ಟಿಗೆ ತಂದದ್ದು ಈ ಸಂಶೋಧನೆಯ ನಿಜವಾದ ಹಿರಿಮೆ ಎಂಬುದು ನನ್ನ ವಾದ. ಅದರ ಮಿತಿಯನ್ನೂ ಇದೇ ಅಳತೆಗೋಲಿನಿಂದ ಕಾಣಬೇಕು: ಅಣು ಎಲ್ಲಿಂದ ತೊಲಗಲಿಲ್ಲವೋ ಅಲ್ಲಿಯೇ ರೋಗಿಗೆ ತೊಂದರೆಯಾಗಿದೆ.

ಪಿಎಸ್‌ಎಂಎ ಎಂಬುದು ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಹೊರಪೊರೆಯ ಮೇಲೆ ಹೇರಳವಾಗಿ ಮೂಡುವ ಪ್ರೋಟೀನು. 1987ರಲ್ಲಿ ವರದಿಯಾದ ಪ್ರತಿಕಾಯವೊಂದು ಅದರ ಸುಳಿವು ಕೊಟ್ಟಿತು. ಅದೇ ಪ್ರತಿಕಾಯಕ್ಕೆ ಇಂಡಿಯಂ-111 ಸೇರಿಸಿದ ಚಿತ್ರಣ ಔಷಧಕ್ಕೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ಆದರೆ ಅದು ಅಂಟುತ್ತಿದ್ದುದು ಪ್ರೋಟೀನಿನ ಕೋಶದೊಳಗಿನ ತುದಿಗೆ. ಜೀವಂತ ಕೋಶದ ಹೊರಗಿನಿಂದ ಆ ಜಾಗ ಕೈಗೆ ಸಿಗುವುದಿಲ್ಲ. ಮೇಲಾಗಿ ಪ್ರತಿಕಾಯ ದೊಡ್ಡ ಅಣುವಾದ್ದರಿಂದ ರಕ್ತದಲ್ಲಿ ದಿನಗಟ್ಟಲೆ ಉಳಿದು ಚಿತ್ರವನ್ನು ಮಸುಕು ಮಾಡುತ್ತಿತ್ತು. 2001ರಲ್ಲಿ ಅಲನ್ ಕೊಜಿಕೋವ್ಸ್ಕಿ ಅವರ ತಂಡ ಪ್ರಕಟಿಸಿದ ಯೂರಿಯಾ ಆಧಾರಿತ ಚಿಕ್ಕ ಅಣುಗಳೂ, ಅವನ್ನು ಚಿತ್ರಣಕ್ಕೆ ಒಗ್ಗಿಸಿದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮಾರ್ಟಿನ್ ಪಾಂಪರ್ ಅವರ ಕೆಲಸವೂ ಹೊಸ ದಾರಿ ತೆರೆದವು. ಆ ದಾರಿಯಲ್ಲಿ ನಡೆದು ಹೈಡೆಲ್‌ಬರ್ಗ್ ತಂಡ 2012ರಲ್ಲಿ ಪಿಎಸ್‌ಎಂಎ-11 ಎಂಬ ಅಣುವನ್ನು ಗ್ಯಾಲಿಯಂ-68ರೊಂದಿಗೆ ಸೇರಿಸಿ ಪ್ರಕಟಿಸಿತು. ಇದರ ಬೆಲೆ ಎಷ್ಟೆಂಬುದನ್ನು 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತು. ಅಪಾಯ ಹೆಚ್ಚಿರುವ 302 ಪುರುಷರಲ್ಲಿ ರೋಗದ ಹರಡುವಿಕೆಯನ್ನು ಈ ಅಣುವಿನ ಪೆಟ್ ಸ್ಕ್ಯಾನ್ ಶೇ 92ರಷ್ಟು ನಿಖರವಾಗಿ ಗುರುತಿಸಿದರೆ, ಸಿಟಿ ಮತ್ತು ಮೂಳೆ ಸ್ಕ್ಯಾನ್‌ಗಳ ಜೋಡಿಯ ನಿಖರತೆ ಶೇ 65 ಮಾತ್ರ.

ನೋಡಲು ಸಾಧ್ಯವಾದ ಮೇಲೆ ಅದೇ ಅಣುವಿನಿಂದ ಚಿಕಿತ್ಸೆ ಏಕಾಗದು? ರಸಾಯನಶಾಸ್ತ್ರದ ಕಷ್ಟ ಶುರುವಾಗುವುದು ಇಲ್ಲಿಂದ. ಗ್ಯಾಲಿಯಂ-68ರ ಅರ್ಧಾಯು 68 ನಿಮಿಷ. ಚಿತ್ರ ತೆಗೆಯಲು ಅಷ್ಟು ಸಾಕು. ಗಡ್ಡೆಯನ್ನು ಕೊಲ್ಲಲು ಲುಟೇಷಿಯಂ-177ರಂಥದ್ದು ಬೇಕು: ಅರ್ಧಾಯು ಆರೂವರೆ ದಿನಕ್ಕೆ ತುಸು ಹೆಚ್ಚು, ಬೀಟಾ ಕಣಗಳು ಅಂಗಾಂಶದಲ್ಲಿ ಹೆಚ್ಚೆಂದರೆ ಸುಮಾರು 2 ಮಿಲಿಮೀಟರ್ ಸಾಗುತ್ತವೆ. ಪಿಎಸ್‌ಎಂಎ-11ರಲ್ಲಿ ಗ್ಯಾಲಿಯಂ ಹಿಡಿದಿಡುವ ಭಾಗಕ್ಕೆ ಲುಟೇಷಿಯಂ ಅನ್ನು ದಿನಗಟ್ಟಲೆ ಭದ್ರವಾಗಿ ಹಿಡಿಯುವ ಶಕ್ತಿಯಿಲ್ಲ. ಅದರ ಬದಲು ಲುಟೇಷಿಯಂ ಬಿಡದ ಡೋಟಾ ಎಂಬ ಪಂಜರವನ್ನು ಜೋಡಿಸಬಹುದು. ಆದರೆ ಹಳೆಯ ಭಾಗ ಲೋಹ ಹಿಡಿಯುವುದರ ಜತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಅದರ ನೀರೊಲ್ಲದ ಉಂಗುರಗಳು ಅಣು ಹೊಕ್ಕುವ ಪ್ರೋಟೀನಿನ ಸುರಂಗದ ಪಕ್ಕದ ಗೂಡಿನಲ್ಲಿ ಕುಳಿತು ಅಣುವಿನ ಹಿಡಿತವನ್ನು ಗಟ್ಟಿ ಮಾಡುತ್ತಿದ್ದವು. ನೀರಿಗೆ ಒಲಿಯುವ ಡೋಟಾ ಬಂದರೆ ಆ ಹಿಡಿತ ಸಡಿಲವಾಗುತ್ತದೆ. ಬೆನೆಶೊವಾ ಮತ್ತು ಸಂಗಡಿಗರು ಕಳೆದುಹೋದ ಈ ಗುಣವನ್ನು ನಡುವಿನ ಕೊಂಡಿಗೆ ವರ್ಗಾಯಿಸಿದರು. ನ್ಯಾಫ್ತೈಲ್ ಉಂಗುರವಿರುವ ಅಮೈನೊ ಆಮ್ಲವೊಂದನ್ನೂ ಸೈಕ್ಲೊಹೆಕ್ಸೇನ್ ತುಣುಕೊಂದನ್ನೂ ಅಲ್ಲಿ ಇರಿಸಿದರು. 2016ರ ಮುಂದಿನ ಪ್ರಬಂಧದಲ್ಲಿ ಕೊಂಡಿಯನ್ನು ನಾನಾ ಬಗೆಯಲ್ಲಿ ಬದಲಿಸಿ, ಅಣುವಿನ ನಡವಳಿಕೆ ಹೇಗೆ ಬದಲಾಗುತ್ತದೆಂದು ಕ್ರಮವಾಗಿ ಅಳೆದರು. ಅದೃಷ್ಟಕ್ಕೆ ಸಿಕ್ಕ ಅಣುವಿನಲ್ಲಿ ತೃಪ್ತರಾಗದೆ ಅದರ ಕಾರಣವನ್ನು ಹುಡುಕಿದ ಈ ಶಿಸ್ತನ್ನು ನಾನು ಬಹಳವಾಗಿ ಮೆಚ್ಚುತ್ತೇನೆ.

2015ರ ಪ್ರಬಂಧದ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಕ್ಯಾನ್ಸರ್ ಕೋಶಗಳ ಮೇಲೆ ಅಣುವಿನ ಅಂಟುವ ಶಕ್ತಿಯನ್ನು 2.34 ನ್ಯಾನೊಮೋಲಾರ್ ಎಂದು ಕೊಟ್ಟಿದ್ದಾರೆ; ಆದರೆ ಆ ಅಳತೆಯ ಏರುಪೇರೇ 2.94. ಸರಾಸರಿಗಿಂತ ಏರುಪೇರು ದೊಡ್ಡದಾದ ಒಂದು ಸಂಖ್ಯೆಯ ಮೇಲೆ ಇಡೀ ವಾದವನ್ನು ನಿಲ್ಲಿಸಲಾಗದು. ನನ್ನನ್ನು ಒಪ್ಪಿಸುವುದು ಇಲಿಗಳ ಮೂತ್ರಪಿಂಡದ ಲೆಕ್ಕ. ಚುಚ್ಚಿದ ಒಂದು ಗಂಟೆಗೆ ಅಲ್ಲಿ, ಗ್ರಾಂ ಅಂಗಾಂಶಕ್ಕೆ ಲೆಕ್ಕ ಹಾಕಿದರೆ, ಕೊಟ್ಟ ವಿಕಿರಣದ ಶೇ 113.3ರಷ್ಟಿತ್ತು, ಇಲಿಯ ಮೂತ್ರಪಿಂಡ ಒಂದು ಗ್ರಾಂಗಿಂತ ಹಗುರವಾದ್ದರಿಂದ ಲೆಕ್ಕ ನೂರನ್ನು ದಾಟುತ್ತದೆ. 24 ಗಂಟೆಗೆ ಅದು ಶೇ 2.13ಕ್ಕೆ ಇಳಿಯಿತು. ಅದೇ ಹೊತ್ತಿಗೆ ಗಡ್ಡೆಯಲ್ಲಿದ್ದ ವಿಕಿರಣ ರಕ್ತದಲ್ಲಿದ್ದುದರ 1058 ಪಟ್ಟು. ಚಿಕಿತ್ಸೆಯ ಅಣು ಗಡ್ಡೆಯಲ್ಲಿ ನಿಂತು ಮೂತ್ರಪಿಂಡವನ್ನು ಬಿಟ್ಟುಹೋಗಬೇಕೆಂಬ ಬೇಡಿಕೆಗೆ ಇದು ನೇರ ಉತ್ತರ.

ಇಲಿಯ ಮೇಲಿನ ಈ ಉತ್ತರ ಮನುಷ್ಯರಿಗೆ ಎಷ್ಟು ಹೊಂದುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದು. ಮನುಷ್ಯರ ಜೊಲ್ಲುಗ್ರಂಥಿಗಳು ಈ ಅಣುವನ್ನು ಬಲವಾಗಿ ಹೀರುತ್ತವೆ. ಇಲಿಗಳಲ್ಲಿ ಅದು ಹಾಗೆ ಕಾಣಿಸುವುದಿಲ್ಲ. ಹಾಗಾಗಿ ಮುಖ್ಯ ತೊಂದರೆಯೊಂದು ಈ ಮಾದರಿಯ ಕಣ್ಣಿಗೆ ಬೀಳುವಂತೆಯೇ ಇರಲಿಲ್ಲ. ವಿಷನ್ ಎಂಬ ದೊಡ್ಡ ಪರೀಕ್ಷೆಯಲ್ಲಿ ಔಷಧ ಪಡೆದವರ ಪೈಕಿ ಸುಮಾರು ಶೇ 39 ಮಂದಿಗೆ ಬಾಯಿ ಒಣಗಿತು. ಇದೇ ಅಣುವಿಗೆ ಆಲ್ಫಾ ಕಣ ಸೂಸುವ ಆಕ್ಟಿನಿಯಂ-225 ಸೇರಿಸಿದಾಗ ಈ ಮಿತಿ ಇನ್ನೂ ಸ್ಪಷ್ಟವಾಯಿತು. 2016ರಲ್ಲಿ ಹೈಡೆಲ್‌ಬರ್ಗಿನಿಂದಲೇ ಬಂದ ವರದಿಯಲ್ಲಿ ಇಬ್ಬರು ರೋಗಿಗಳ ಗಡ್ಡೆಗಳು ಸ್ಕ್ಯಾನ್‌ನಲ್ಲಿ ಪೂರ್ತಿ ಮರೆಯಾದವು. ಮುಂದಿನ ಅನುಭವದಲ್ಲಿ ಬಾಯಿ ತೀರಾ ಒಣಗಿ ಕೆಲವರು ಚಿಕಿತ್ಸೆ ಬಿಡಬೇಕಾಯಿತು. ಮಾತು, ಊಟ, ನಿದ್ರೆ ಮೂರನ್ನೂ ಕೆಡಿಸುವ ಈ ತೊಂದರೆಯನ್ನು ಸಣ್ಣ ಅಡ್ಡಪರಿಣಾಮವೆಂದು ತಳ್ಳಿಹಾಕುವುದು ರೋಗಿಗೆ ಮಾಡುವ ಅನ್ಯಾಯ.

ಎರಡನೆಯ ಆಕ್ಷೇಪ, ಲಾಭ ಚಿಕ್ಕದೆಂಬುದು. 831 ಮಂದಿಯ ವಿಷನ್ ಪರೀಕ್ಷೆಯಲ್ಲಿ ಬದುಕಿನ ಮಧ್ಯಮ ಅವಧಿ 11.3 ತಿಂಗಳಿಂದ 15.3 ತಿಂಗಳಿಗೆ ಏರಿತು. ಆಸ್ಟ್ರೇಲಿಯಾದ ಥೆರಪಿ (TheraP) ಎಂಬ ಪರೀಕ್ಷೆಯಲ್ಲಿ ಕ್ಯಾಬಜಿಟ್ಯಾಕ್ಸೆಲ್ ಎಂಬ ಕೀಮೊಥೆರಪಿಗೆ ಹೋಲಿಸಿದಾಗ, ರೋಗದ ಏರಿಳಿತ ಸೂಚಿಸುವ ರಕ್ತದ ಪ್ರೋಟೀನಾದ ಪಿಎಸ್‌ಎ ಅರ್ಧಕ್ಕಿಳಿದವರು ಶೇ 37ರ ಬದಲು ಶೇ 66. ಆದರೂ ಒಟ್ಟು ಆಯುಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಅಂಕಿಗಳನ್ನು ಮುಚ್ಚಿಡಬಾರದು. ಆದರೆ ವಿಷನ್ ಸೇರಿದವರು ಹಾರ್ಮೋನು ಔಷಧವನ್ನೂ ಕೀಮೊಥೆರಪಿಯನ್ನೂ ದಾಟಿ ಬಂದವರು. ಆ ಹಂತದಲ್ಲಿ ನಾಲ್ಕು ತಿಂಗಳು ಹಗುರವಾದ ಮಾತಲ್ಲ. ಥೆರಪಿ ಪರೀಕ್ಷೆಯಲ್ಲಿ ಈ ಔಷಧ ಪಡೆದವರಿಗೆ ತೀವ್ರ ಅಡ್ಡಪರಿಣಾಮಗಳು ಕೀಮೊಥೆರಪಿಯವರಿಗಿಂತ ಕಡಿಮೆಯಿದ್ದವು. ಆಯುಸ್ಸು ಸಮವಾಗಿದ್ದು ಸಂಕಟ ಕಡಿಮೆಯಾದರೆ ಅದೂ ವೈದ್ಯಕೀಯದ ಗೆಲುವೇ.

ನೋಡಿದ್ದನ್ನೇ ಕೊಲ್ಲುತ್ತೇವೆ ಎಂಬ ಘೋಷಣೆಯನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ರೋಗಿಯನ್ನು ಆರಿಸುವ ವಿಷನ್‌ನ ಸ್ಕ್ಯಾನ್‌ನಲ್ಲಿ ಬಳಕೆಯಾದದ್ದು ಪಿಎಸ್‌ಎಂಎ-11, ಔಷಧವಾದದ್ದು ಪಿಎಸ್‌ಎಂಎ-617. ಗುರಿ ಒಂದೇ, ಅಣು ಬೇರೆ. ಸ್ಕ್ಯಾನ್ ಆದ 1003 ಮಂದಿಯಲ್ಲಿ 869 ಮಂದಿ ಮಾತ್ರ ಅರ್ಹರೆನಿಸಿದರು, ಅರ್ಹರಾದವರೆಲ್ಲರಿಗೂ ಗುಣ ಸಿಗಲೂ ಇಲ್ಲ. ಚಿತ್ರ ಗುರಿಯ ಇರವನ್ನು ಹೇಳುತ್ತದೆ, ಚಿಕಿತ್ಸೆ ಫಲಿಸುವ ಖಾತರಿಯನ್ನು ಕೊಡುವುದಿಲ್ಲ. ಲುಟೇಷಿಯಂ-177 ಬೀಟಾ ಕಣದ ಜತೆಗೆ ಗಾಮಾ ಕಿರಣವನ್ನೂ ಸೂಸುವುದರಿಂದ ಔಷಧ ಎಲ್ಲಿ ನಿಂತಿತೆಂದು ಚಿಕಿತ್ಸೆಯ ನಂತರ ನೇರವಾಗಿ ನೋಡಬಹುದು. ಈ ಅನುಕೂಲವನ್ನು ಪ್ರತಿ ಸುತ್ತಿನಲ್ಲೂ ಬಳಸಿಕೊಳ್ಳುವುದು ಘೋಷಣೆಗಿಂತ ಉಪಯುಕ್ತ.

ಭಾರತದ ಮಟ್ಟಿಗೆ ಈ ರಸಾಯನದ ಇನ್ನೊಂದು ಗುಣ ಮುಖ್ಯ. ಟ್ರಾಂಬೆಯ ಧ್ರುವ ರಿಯಾಕ್ಟರ್‌ನಲ್ಲಿ ಲುಟೇಷಿಯಂ-177 ತಯಾರಾಗುತ್ತದೆ. ಡೋಟಾ ಇರುವ ಅಣುವಿಗೆ ಅದನ್ನು ಆಸ್ಪತ್ರೆಯಲ್ಲೇ ಬಿಸಿಮಾಡಿ ಸೇರಿಸಬಹುದು. ಹೀಗಾಗಿ ನಮ್ಮ ರೋಗಿಗಳಿಗೂ ಇದು ಕೈಗೆಟುಕುವ ದಾರಿಯಿದೆ. ಆದರೆ ಕ್ಷೇತ್ರದ ಮುಂದಿನ ಪೈಪೋಟಿ ಇನ್ನೂ ಬಿಗಿಯಾಗಿ ಅಂಟುವ ಅಣುವಿಗಾಗಿ, ಇನ್ನೂ ಪ್ರಬಲ ಕಣಕ್ಕಾಗಿ ಮಾತ್ರ ನಡೆದರೆ ಹೈಡೆಲ್‌ಬರ್ಗಿನ ಪಾಠವನ್ನು ಅರ್ಧ ಕಲಿತಂತೆ. ಒಂದು ಕೊಂಡಿಯನ್ನು ತಿದ್ದಿ ಮೂತ್ರಪಿಂಡಕ್ಕೆ ಬಿಡುಗಡೆ ಕೊಡಬಹುದಾದರೆ, ಜೊಲ್ಲುಗ್ರಂಥಿಯನ್ನೂ ಅದೇ ಹಟದಿಂದ ಉಳಿಸಲು ಹೊರಡಬೇಕು. ಈ ಸಾಲಿನಲ್ಲಿ ಮುಂದೆ ಬರುವ ಅಣು ಯಾವುದೇ ಇರಲಿ, ಅದರ ಬೆಲೆ ಕಟ್ಟುವಾಗ ಗಡ್ಡೆಯ ಲೆಕ್ಕದಷ್ಟೇ ತೂಕ ಜೊಲ್ಲುಗ್ರಂಥಿಯ ಲೆಕ್ಕಕ್ಕೂ ಸಿಗಬೇಕು.