ಕಾವೇರಿಯ ಆಸ್ಪತ್ರೆ, ನಮ್ಮ ಕೇರಿಯ ಚೀಟಿ

ತ್ರಿವೇಣಿಯವರ ‘ಶರಪಂಜರ’ ಓದದವರು ಕೂಡ 1971ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಅದರ ಸಿನಿಮಾ ನೋಡಿರುತ್ತಾರೆ. ಬಾಣಂತನದಲ್ಲಿ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಗೆ ಹೋಗಿ ವಾಸಿಯಾಗಿ ಬರುತ್ತಾಳೆ. ವಾಸಿಯಾಗಿದ್ದಾಳೆ ಅಂತ ಗಂಡ ಒಪ್ಪುವುದಿಲ್ಲ, ನೆರೆಯವರು ಒಪ್ಪುವುದಿಲ್ಲ. ಕೊನೆಗೆ ಅವಳು ಮತ್ತೆ ಹುಚ್ಚಿಯಾಗುತ್ತಾಳೆ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಡಾಕ್ಟರ ಕೆಲಸಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸಿಯೇ, ಆ ಕೆಲಸ ಆಸ್ಪತ್ರೆಯ ಗೇಟಿನಲ್ಲಿ ಮುಗಿಯುವುದಿಲ್ಲ ಎಂದು ತೋರಿಸಿದರು. ಇದು ಸಣ್ಣ ಮಾತಲ್ಲ. ಆಮೇಲೆ ಬಂದ ನವ್ಯರು ಅನಾಥಪ್ರಜ್ಞೆ, ಪರಕೀಯತೆ ಅಂತ ಹುಚ್ಚನ್ನು ಒಂದು ಅಲಂಕಾರ ಮಾಡಿಕೊಂಡರು. ತ್ರಿವೇಣಿಗೆ ಅದು ಕಾಯಿಲೆಯೇ ಆಗಿತ್ತು.

ಆದರೆ ಕೇರಿಯಲ್ಲಿ ಕೂತು ಓದಿದರೆ ಅದೇ ಕಾದಂಬರಿ ಬೇರೆ ಪ್ರಶ್ನೆ ಕೇಳುತ್ತದೆ. ಕಾವೇರಿಯನ್ನು ಆಸ್ಪತ್ರೆಗೆ ಸೇರಿಸುವುದಕ್ಕೆ ಸಂಬಳ ತರುವ ಗಂಡನಿದ್ದ. ಅವಳು ಅಲ್ಲಿದ್ದಷ್ಟು ದಿನವೂ ಮನೆಯ ಒಲೆ ಆರಲಿಲ್ಲ. ನಮ್ಮಲ್ಲಿ ಹೆಂಗಸು ಮಂಕಾದರೆ ಮೊದಲು ನಿಲ್ಲುವುದು ಕೂಲಿ, ಆಮೇಲೆ ಒಲೆ. ಬೇವಿನ ಸೊಪ್ಪಿನ ಹೊಡೆತ, ತಾಯತ, ಹರಕೆ ಎಲ್ಲ ಆಗಿ, ಕುರಿ ಮಾರಿ, ಸಾಲವೂ ಆದ ಮೇಲೆ ಬಸ್ಸು ಹತ್ತುವುದು. ಈ ಹೆಂಗಸಿನ ಕಾದಂಬರಿ ಬರೆದವರು ಬಲು ಕಡಿಮೆ. ಅವಳ ಬಗ್ಗೆ ಖಂಡಿತ ಸಿಗುವ ಬರಹ ಒಂದೇ: ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿ. ಕಾದಂಬರಿಗಳ ವಿಮರ್ಶೆಯಲ್ಲಿ ಪುಟಗಟ್ಟಲೆ ಖರ್ಚು ಮಾಡುವ ನಾವು ಆ ಚೀಟಿಯನ್ನೂ ಒಂದು ಕೃತಿಯಾಗಿ ಓದಬೇಕು.

ನಾನು ಓದಿದ್ದು ನನ್ನ ಚಿಕ್ಕವ್ವನ ಚೀಟಿ. ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ಗಂಟೆ ಸಾಲಿನಲ್ಲಿ ನಿಂತ ಮೇಲೆ ಒಬ್ಬರು ಅಚ್ಚಾದ ಹಾಳೆ ಹಿಡಿದು ಕೇಳಿದರು: ‘ಕಳೆದ ಎರಡು ವಾರಗಳಲ್ಲಿ ಕೆಲಸಕಾರ್ಯಗಳಲ್ಲಿ ಆಸಕ್ತಿ ಕಡಿಮೆಯಾಗಿದೆಯೇ?’ ಚಿಕ್ಕವ್ವ ನನ್ನ ಮುಖ ನೋಡಿದಳು. ‘ಆಸಕ್ತಿ ಅಂದ್ರೆ ಏನ್ ಮಗಾ?’ ನಾಟಿ ಹಾಕೋದು, ಕಳೆ ಕೀಳೋದು, ಗೌಡರ ಕೊಟ್ಟಿಗೆ ಬಾಚೋದು—ಯಾವುದನ್ನು ಅವಳು ಆಸಕ್ತಿಯಿಂದ ಮಾಡಿದ್ದಳು, ಈಗ ಕಡಿಮೆಯಾಗೋದಕ್ಕೆ? ‘ಇಲ್ಲ’ ಅಂದಳು. ಹಾಳೆಯಲ್ಲಿ ಸೊನ್ನೆ ಬಿತ್ತು. ಮನೆಯಲ್ಲಿ ಅವಳು ಆಡುತ್ತಿದ್ದ ಮಾತು ಬೇರೆ: ‘ಎದೆ ಹೊತ್ಕೊಂಡು ಉರೀತದೆ, ತಲೆ ಒಳಗೆ ಜೇನುಹುಳ ಗುಂಯ್ ಅಂತವೆ, ಮಾರಮ್ಮನ ಹಬ್ಬಕ್ಕೂ ಸೀರೆ ಉಡಬೇಕು ಅನ್ನಿಸ್ನಿಲ್ಲ.’ ಕಾಯಿಲೆ ಪೂರಾ ಆ ಕೊನೆಯ ಮಾತಿನಲ್ಲಿತ್ತು. ಹಬ್ಬದ ಸೀರೆಯ ವಿಚಾರ ಕೇಳಿದ್ದರೆ ಅವಳೇ ಎಲ್ಲ ಹೇಳುತ್ತಿದ್ದಳು. ಆ ಹಾಳೆ ಇಂಗ್ಲಿಷಿನಲ್ಲಿ ಹುಟ್ಟಿ, ಓದಿದವರ ಕನ್ನಡಕ್ಕೆ ಬಂದು, ಅಲ್ಲಿಗೇ ನಿಂತುಬಿಟ್ಟಿದೆ. ಕಚೇರಿಯ ಕನ್ನಡ ನಮ್ಮ ಜನಕ್ಕೆ ಇನ್ನೊಂದು ಸಂಸ್ಕೃತ.

ಮಾತ್ರೆ ಕೊಟ್ಟರು. ಅದರ ಜೊತೆ ಕೊಡಬೇಕಾದ ಎರಡು ಮಾತು ಕೊಡಲಿಲ್ಲ. ಮನಸ್ಸಿನ ಕುಸಿತಕ್ಕೆ ಕೊಡುವ ಮಾತ್ರೆ ಗುಣ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಬಾಯಿ ಒಣಗುವುದು, ತೂಕಡಿಕೆ, ಹೊಟ್ಟೆ ತೊಳೆಸುವುದು ಮೊದಲ ದಿನಗಳಲ್ಲೇ ಶುರುವಾಗಬಹುದು. ಅಂದರೆ ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ. ಇದನ್ನು ಹೇಳದೆ ಕಳಿಸಿದರೆ ಐದನೇ ದಿನ ಮಾತ್ರೆ ತಿಪ್ಪೆಗೆ. ‘ಇವರಿಗೆ ತಿಳಿವಳಿಕೆ ಇಲ್ಲ’ ಅಂತ ಬೈಯುವವರು ಇಷ್ಟು ನೆನಪಿಡಲಿ: ಗದ್ದೆಯಲ್ಲಿ ತೂಕಡಿಸುವ ಹೆಂಗಸಿಗೆ ಆ ದಿನದ ಕೂಲಿ ಇಲ್ಲ. ನೀವು ಅಡ್ಡಪರಿಣಾಮ ಅನ್ನುವುದು ನಮ್ಮಲ್ಲಿ ಗಂಜಿಯ ಪ್ರಶ್ನೆ. ಡೋಸು ಹೇಗೆ ಏರಿಸಬೇಕು, ರಾತ್ರಿ ಕೊಡಬೇಕೋ ಹಗಲು ಕೊಡಬೇಕೋ ಎನ್ನುವುದರಲ್ಲಿ ಅವಳ ದುಡಿಮೆಯ ಲೆಕ್ಕವೂ ಸೇರಬೇಕು.

ಇದೆಲ್ಲ ಬಡದೇಶಕ್ಕೆ ಆಗದ ಮಾತು ಅನ್ನುವವರಿಗೆ ನಮ್ಮ ನೆಲದಲ್ಲೇ ಉತ್ತರವಿದೆ. ಜನರ ಬಾಯಲ್ಲಿ ‘ಬೆಂಗಳೂರು ಹುಚ್ಚಾಸ್ಪತ್ರೆ’ ಆಗಿರುವ ನಿಮ್ಹಾನ್ಸ್‌ನವರು 1970ರ ದಶಕದ ನಡುವಿನಲ್ಲಿ ಆನೇಕಲ್ ಕಡೆಯ ಸಕಲವಾರದಲ್ಲಿ ಹಳ್ಳಿಗರ ನಡುವೆ ಕೆಲಸ ಶುರು ಮಾಡಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಯಿತು: ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಧಾರಣ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಚಿಕ್ಕ ತರಬೇತಿ, ನಾಲ್ಕಾರು ಬಗೆಯ ಅಗತ್ಯದ ಔಷಧಿ, ತೀರಾ ಕಷ್ಟದ ರೋಗಿಗೆ ಮಾತ್ರ ಜಿಲ್ಲೆಯ ತಜ್ಞ. ಆಸ್ಪತ್ರೆಯ ಗೋಡೆ ಒಡೆದ ಕೆಲಸ ಅದು. ಬಂಡಾಯದ ನಾವು ಅದನ್ನು ನಮ್ಮದೆಂದು ಹೇಳಿಕೊಳ್ಳದೆ ಬಿಟ್ಟದ್ದೇ ಆಶ್ಚರ್ಯ.

1996ರಿಂದ ಅದು ದೇಶದ ಬೇರೆ ಬೇರೆ ಜಿಲ್ಲೆಗಳಿಗೆ ಹರಡಿತು. ಹರಡುವಾಗ ಹಳಸಿತು. ಬಳ್ಳಾರಿಯಲ್ಲಿ ತರಬೇತಿ ಕೊಟ್ಟವರು ಬೆನ್ನಿಗೂ ನಿಂತಿದ್ದರು; ಮುಂದೆ ಎಷ್ಟೋ ಕಡೆ ತರಬೇತಿ ಮಾತ್ರ ಹೋಯಿತು, ಬೆನ್ನು ಹೋಗಲಿಲ್ಲ. ಜಿಲ್ಲಾ ಆಸ್ಪತ್ರೆಯ ತಜ್ಞರ ಮುಂದೆ ಸಾಲು ಬೆಳೆಯಿತು, ಹಳ್ಳಿಯ ಕೇಂದ್ರದಲ್ಲಿ ಬೀರು ಖಾಲಿ. ‘ಹುಚ್ಚುಮುಂಡೆ ಮದುವೇಲಿ ಉಂಡವನೇ ಜಾಣ’ ಅಂತ ಗಾದೆ ಇದೆ. (ಎಂಥ ಗಾದೆ! ಹುಚ್ಚು, ವೈಧವ್ಯ ಎರಡನ್ನೂ ಒಂದೇ ತುತ್ತಿನಲ್ಲಿ ನಗುವ ಭಾಷೆ ನಮ್ಮದು.) 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಚಿಕಿತ್ಸೆ ಬೇಕಿದ್ದೂ ಸಿಗದವರು ಕಾಯಿಲೆಯಿಂದ ಕಾಯಿಲೆಗೆ ನೂರಕ್ಕೆ 70ರಿಂದ 92. ಸಿಕ್ಕವರಿಗೆ ಸಿಕ್ಕಿದ್ದು ಎಂಥದು ಎಂಬುದು ಈ ಲೆಕ್ಕದಾಚೆಯ ಮಾತು. 2022ರ ಅಕ್ಟೋಬರಿನಿಂದ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಒಳ್ಳೆಯದು. ಆದರೆ ಚಿಕ್ಕವ್ವನ ಮನೆಯಲ್ಲಿ ಫೋನು ಚಿಕ್ಕಪ್ಪನ ಜೇಬಿನಲ್ಲಿರುತ್ತದೆ, ಅವಳ ಸಂಕಟದ ಅರ್ಧಭಾಗ ಆ ಚಿಕ್ಕಪ್ಪನೇ.

ಭಾಷೆಯ ಮಾತಿಗೆ ಮತ್ತೆ ಬರುತ್ತೇನೆ. ನಮಗಿಂತ ಬಡವಾದ ಜಿಂಬಾಬ್ವೆಯ ಹರಾರೆಯಲ್ಲಿ 2006ರಿಂದ ಒಂದು ಕೆಲಸ ನಡೆದಿದೆ. ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯ ಆರೋಗ್ಯ ಕೇಂದ್ರಗಳ ಅಂಗಳದಲ್ಲಿ ಮರದ ಬೆಂಚು ಹಾಕಿಸಿ, ತರಬೇತಾದ ಅಜ್ಜಿಯರನ್ನು ಕೂರಿಸಿದರು. ಅಲ್ಲಿಯ ಶೋನಾ ಭಾಷೆಯಲ್ಲಿ ‘ಕುಫುಂಗಿಸಿಸಾ’ ಅಂತ ಮಾತಿದೆ—ಅತಿಯಾಗಿ ಯೋಚನೆ ಮಾಡುವುದು. ಅಜ್ಜಿ ಆ ಮಾತಿನಿಂದಲೇ ಶುರು ಮಾಡುತ್ತಾಳೆ. ಬಂದವರ ಕಷ್ಟಗಳಲ್ಲಿ ಒಂದನ್ನು ಆರಿಸಿ ಅದಕ್ಕೆ ದಾರಿ ಹುಡುಕಲು ಜೊತೆಗೆ ಕೂರುತ್ತಾಳೆ. 573 ಜನರ ಮೇಲೆ ಪರೀಕ್ಷೆ ಮಾಡಿ, ಮಾಮೂಲಿ ಉಪಚಾರ ಪಡೆದವರಿಗಿಂತ ಬೆಂಚಿನಲ್ಲಿ ಕೂತವರು ಚೆನ್ನಾಗಿ ಸುಧಾರಿಸಿದರೆಂದು 2016ರಲ್ಲಿ ಪ್ರಕಟಿಸಿದರು. ನಮ್ಮ ಹೆಂಗಸರೂ ‘ಬರೀ ಯೋಚ್ನೆ ಕನಪ್ಪಾ’ ಅನ್ನುತ್ತಾರಲ್ಲ! ಹಾಗಂತ ಈ ಕೆಲಸವನ್ನೂ ಆಶಾ ಅಕ್ಕಂದಿರ ತಲೆಗೆ ಪುಕ್ಕಟೆ ಹೊರಿಸಿದರೆ ಅದು ಇನ್ನೊಂದು ಬಿಟ್ಟಿಚಾಕರಿ. ಕೇಳುವುದೂ ದುಡಿಮೆ, ಅದಕ್ಕೂ ಕೂಲಿ ಕೊಡಬೇಕು.

ಚಳವಳಿಯ ಕೆಲವು ಗೆಳೆಯರು ಇದನ್ನು ಒಪ್ಪುವುದಿಲ್ಲ. ಹಸಿವು, ಜಾತಿ, ಸಾಲ ಹೋದರೆ ಮನಸ್ಸು ತಾನೇ ಸರಿಹೋಗುತ್ತದೆ, ಮಾತ್ರೆ ಕೊಡುವುದು ವ್ಯವಸ್ಥೆಯ ಪಾಪ ಮುಚ್ಚುವ ಹುನ್ನಾರ ಅನ್ನುತ್ತಾರೆ. ಅವಮಾನಕ್ಕೆ ಮಾತ್ರೆಯಿಲ್ಲ, ನಿಜ. ಆದರೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಗರಿಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾರದೆ ಸುಟ್ಟುಹೋದರು. ಸತ್ತವರು 28 ಮಂದಿ. ಕ್ರಾಂತಿ ಬರುವ ತನಕ ಸರಪಳಿಯಲ್ಲಿರಿ ಅಂತ ಅವರಿಗೆ ಯಾವ ಬಾಯಲ್ಲಿ ಹೇಳುವುದು? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿ, ಸರ್ಕಾರಿ ಚಿಕಿತ್ಸೆಯನ್ನು ಹಕ್ಕು ಮಾಡಿದೆ. ಭೂಮಿಗಾಗಿ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಹೋಗುವ ನಾವು, ಈ ಹಕ್ಕು ಹಿಡಿದು ಆಸ್ಪತ್ರೆಗೂ ಹೋಗಬಹುದು.

ಹೋಗಿ ಮೊದಲು ಕೇಳಬೇಕಾದದ್ದು ರಿಜಿಸ್ಟರು. ನಾನು ಕಂಡದ್ದರಲ್ಲಿ ಹೊಸ ರೋಗಿ ಎಷ್ಟು, ಹಳೆ ರೋಗಿ ಎಷ್ಟು ಎಂದಿತ್ತು. ಹೋದ ತಿಂಗಳು ಬಂದು ಈ ತಿಂಗಳು ಬಾರದವರಿಗೆ ಕಲಮೇ ಇರಲಿಲ್ಲ. ಚಿಕ್ಕವ್ವ ಎರಡನೇ ಸಲ ಹೋಗಲಿಲ್ಲ; ಆ ಪುಸ್ತಕದಲ್ಲಿ ಅದು ಎಲ್ಲೂ ಕಾಣುವುದಿಲ್ಲ. ಆ ಕಲಮು ಹಾಕಿಸಬೇಕು, ಅದರಲ್ಲಿ ಬಿದ್ದ ಹೆಸರನ್ನು ಹುಡುಕಿಕೊಂಡು ಕೇರಿಗೆ ಬರುವವರಿಗೆ ಬಸ್‌ಚಾರ್ಜು ಮಂಜೂರು ಮಾಡಿಸಬೇಕು.